ಉರಿಮೂತ್ರವೆಂದು ಬಂದವರು

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪ ಸಣ್ಣ ಚಿಕಿತ್ಸಾಲಯ ನಡೆಸುವ ನನ್ನ ಬಳಿಗೆ ಐವತ್ತರ ಆಸುಪಾಸಿನ ಹೆಂಗಸರು ಮುಟ್ಟು ನಿಂತ ತೊಂದರೆಯೆಂದು ಹೇಳಿಕೊಂಡು ಬರುವುದು ಅಪರೂಪ. ಉರಿಮೂತ್ರ, ನಿದ್ದೆಯಿಲ್ಲ, ಸುಮ್ಮಸುಮ್ಮನೆ ಸಿಟ್ಟು ಎಂದೇ ಬರುತ್ತಾರೆ. ಮೊದಲ ಕೆಲವು ವರ್ಷ ನಾನೂ ಉರಿಮೂತ್ರಕ್ಕೆ ಆಂಟಿಬಯೋಟಿಕ್ ಬರೆದು ಕಳುಹಿಸಿದವಳೇ. ಒಬ್ಬರು ನಾಲ್ಕು ತಿಂಗಳಲ್ಲಿ ಮೂರನೆಯ ಸಲ ಬಂದಾಗ ಅವರ ಮೂತ್ರಪರೀಕ್ಷೆಯ ಚೀಟಿಗಳನ್ನು ಮೇಜಿನ ಮೇಲೆ ಸಾಲಾಗಿಟ್ಟು ನೋಡಿದೆ: ಒಂದರಲ್ಲೂ ಸೋಂಕಿರಲಿಲ್ಲ. "ಯಜಮಾನರೊಂದಿಗೆ ಸೇರುವಾಗ ನೋವಾಗುತ್ತದೆಯೇ?" ಎಂದು ಅಂದು ಮೊದಲ ಬಾರಿಗೆ ಕೇಳಿದೆ. ಅವರು ಹೊರಗೆ ಕುಳಿತ ಸೊಸೆಗೆ ಕೇಳಿಸದಷ್ಟು ಮೆಲ್ಲಗೆ, "ಈ ಪ್ರಾಯಲ್ಲಿ ಅದರ ಹೇಳ್ಲೆ ನಾಚಿಕೆ ಆವುತ್ತು" ಎಂದರು. ಮೊಮ್ಮಗುವನ್ನು ಮಲಗಿಸುವ ನೆಪದಲ್ಲಿ ವರ್ಷದಿಂದ ಚಾವಡಿಯಲ್ಲೇ ಮಲಗುತ್ತಿದ್ದರಂತೆ. ಗಂಡ ಅದನ್ನು ಮುನಿಸೆಂದು ತಿಳಿದು ಮಾತು ಕಡಿಮೆ ಮಾಡಿದ್ದರು.

ಮುಟ್ಟು ನಿಲ್ಲುವ ಕಾಲಕ್ಕೆ ಈಸ್ಟ್ರೋಜನ್ ಎಂಬ ಸ್ತ್ರೀ ಹಾರ್ಮೋನು ಕುಗ್ಗಿದಾಗ ಯೋನಿಯ ಒಳಪೊರೆ ತೆಳುವಾಗಿ ಒಣಗುತ್ತದೆ, ಮೂತ್ರದ್ವಾರವೂ ಉರಿಯುತ್ತದೆ. ಮೈ ಬಿಸಿಯೇರುವ ತೊಂದರೆ ಕಾಲ ಕಳೆದಂತೆ ತಗ್ಗಿದರೂ ಈ ಶುಷ್ಕತೆ ಚಿಕಿತ್ಸೆಯಿಲ್ಲದೆ ಸಾಮಾನ್ಯವಾಗಿ ತಗ್ಗುವುದಿಲ್ಲ. ಇದನ್ನು ಕಾಗದದ ಮೇಲೆ ಚಿತ್ರ ಬರೆದು ತೋರಿಸಿ, ಮೊದಲು ನೀರಿನಂಶದ ಜೆಲ್ಲಿಯನ್ನೂ, ಅದು ಸಾಲದಿದ್ದರೆ ಅಲ್ಪ ಪ್ರಮಾಣದ ಈಸ್ಟ್ರೋಜನ್ ಮುಲಾಮನ್ನೂ ಬರೆಯುತ್ತೇನೆ. ಸ್ತನ ಕ್ಯಾನ್ಸರ್ ಆಗಿದ್ದವರಿಗೆ ಮಾತ್ರ ಕ್ಯಾನ್ಸರ್ ವೈದ್ಯರನ್ನು ಕೇಳದೆ ಮುಲಾಮು ಕೊಡುವುದಿಲ್ಲ. ತೆಂಗಿನೆಣ್ಣೆ ಆಗದೇ ಎಂಬುದು ನಮ್ಮ ಊರಿನ ಕಾಯಂ ಪ್ರಶ್ನೆ. ಎಣ್ಣೆ ತಗಲಿದರೆ ಲೇಟೆಕ್ಸ್ ಕಾಂಡೋಮ್ ಹರಿಯಬಹುದು. ಕೊನೆಯ ಮುಟ್ಟು 50ರೊಳಗೆ ಆಗಿದ್ದರೆ ಎರಡು ವರ್ಷ, 50ರ ಬಳಿಕವಾದರೆ ಒಂದು ವರ್ಷ ಗರ್ಭನಿರೋಧದ ಎಚ್ಚರ ಬೇಕೆಂದಾಗ ಹಲವರು ನಕ್ಕುಬಿಡುತ್ತಾರೆ. ಆದರೆ 12 ತಿಂಗಳು ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ ತಡಮಾಡದೆ ಬರಬೇಕೆಂಬುದನ್ನು ಎರಡು ಸಲ ಹೇಳಿಸಿಕೊಂಡೇ ಕಳುಹಿಸುತ್ತೇನೆ.

ಸಿಟ್ಟು, ಅಳು ಎಲ್ಲವನ್ನೂ ಹಾರ್ಮೋನಿನ ತಲೆಗೆ ಕಟ್ಟುವುದನ್ನು ನಾನು ಒಪ್ಪುವುದಿಲ್ಲ. ರಾತ್ರಿ ಬೆವರಿ ಮೂರು ಸಲ ಎದ್ದವರಿಗೆ ಹಗಲು ಸಹನೆ ಎಲ್ಲಿಂದ ಬರಬೇಕು? ಆದ್ದರಿಂದ ನಿದ್ದೆಯ ವಿಚಾರವನ್ನು ಮೊದಲು ಕೇಳುತ್ತೇನೆ. ಬೇಸರ ಎರಡು ವಾರ ಬಿಡದೆ ಕಾಡಿದ್ದರೆ ಅದಕ್ಕೆಂದೇ ಚಿಕಿತ್ಸೆ ಆರಂಭಿಸುತ್ತೇನೆ. ಇಲ್ಲಿಗೆ ಬರುವ ಕರಪತ್ರಗಳು ಹೆಚ್ಚಾಗಿ ಮಲಯಾಳದಲ್ಲಿರುವುದರಿಂದ, ಕನ್ನಡ ಮಾತ್ರ ಓದುವವರಿಗಾಗಿ ನಾನೇ ಒಂದು ಪುಟ ಬರೆದು ಇಟ್ಟುಕೊಂಡಿದ್ದೇನೆ.

ಆ ಹೆಂಗಸಿನ ಒಪ್ಪಿಗೆ ಪಡೆದು ಗಂಡನನ್ನೂ ಕರೆಸಿ, ಅದು ಮುನಿಸಲ್ಲ, ನೋವು ಎಂದಷ್ಟೇ ಹೇಳಿದೆ. ಗಂಡ ತಲೆ ತಗ್ಗಿಸಿ ಕೇಳಿ ಎದ್ದು ಹೋದರು. ಎರಡು ತಿಂಗಳ ಬಳಿಕ ತಮ್ಮ ರಕ್ತದೊತ್ತಡ ತೋರಿಸಲು ಬಂದವರು, ಹೊರಡುವಾಗ ಜೇಬಿನಿಂದ ಖಾಲಿ ಟ್ಯೂಬ್ ತೆಗೆದು, ಇದು ಮುಳ್ಳೇರಿಯದಲ್ಲಿಯೂ ಸಿಗುವುದೇ ಎಂದು ಕೇಳಿದರು.