ಓಡುವವನ ಸಿಲಿಂಡರ್ ಬೇಗ ಖಾಲಿ

ನಮ್ಮ ಸ್ಕೂಬಾ ಡೈವಿಂಗ್ ತಂಡದಲ್ಲಿ ಎಲ್ಲರಿಗಿಂತ ಗಟ್ಟಿಮುಟ್ಟಾದವನು ನಾನು. ನೀರಿನೊಳಗೆ ಎಲ್ಲರಿಗಿಂತ ಮೊದಲು ಗಾಳಿಯ ಸಿಲಿಂಡರ್ ಬರಿದು ಮಾಡುತ್ತಿದ್ದವನೂ ನಾನೇ. ವಾರಕ್ಕೆ ಐದು ದಿನ ಓಟ, ಮೂರು ದಿನ ಭಾರ ಎತ್ತುವ ಕಸರತ್ತು. ಆದರೂ 20 ಮೀಟರ್ ಆಳದಲ್ಲಿ 23 ನಿಮಿಷಕ್ಕೇ ಸಿಲಿಂಡರಿನ ಒತ್ತಡ 50 ಬಾರ್ ಮುಟ್ಟಿ, ‘ಮೇಲೆ ಹೋಗೋಣ’ ಎಂದು ಹೆಬ್ಬೆರಳು ಮೇಲೆತ್ತುತ್ತಿದ್ದೆ. ‘ನಿನ್ನ ಶ್ವಾಸಕೋಶ ದೊಡ್ಡದು, ಏನೂ ಮಾಡಲಾಗದು’ ಎಂದು ಹಿರಿಯ ಜೊತೆಗಾರರೊಬ್ಬರು ತೀರ್ಪನ್ನೂ ಕೊಟ್ಟಾಗಿತ್ತು.

ಮೊದಲು ದುಡ್ಡು ಸುರಿದು ನೋಡಿದೆ. ಕಾಲಿಗೆ ಹಾಕುವ ದುಬಾರಿ ಈಜುರೆಕ್ಕೆ (ಫಿನ್) ಕೊಂಡೆ, ಹಳೆಯದೇ ವಾಸಿ ಎನಿಸಿತು. ಉಸಿರಾಟಕ್ಕೆ ತಡೆಯೊಡ್ಡುವ ತರಬೇತಿ ಮುಖಗವಸು ತಂದೆ. ಆ ಹಣದಲ್ಲಿ ನಾಲ್ಕೈದು ಡೈವ್ ಆಗುತ್ತಿತ್ತು, ಈಗ ಅದು ಅಟ್ಟದ ಮೇಲಿದೆ. ಕೊನೆಗೆ ಉಸಿರನ್ನು ತಡೆತಡೆದು ಬಿಡುವ ಜಿಪುಣತನಕ್ಕೂ ಇಳಿದೆ. ಒಳಗೆ ಇಂಗಾಲದ ಡೈಆಕ್ಸೈಡ್ ಸೇರಿಕೊಂಡಿತು, ತಲೆ ಸಿಡಿಯಿತು. ಉಳಿದದ್ದು ಹತ್ತು ಬಾರ್, ಹಾಳಾದದ್ದು ಇಡೀ ಸಂಜೆ.

ರೋಗ ಸಿಕ್ಕಿದ್ದು ಬೇರೊಬ್ಬರು ತೆಗೆದ ವಿಡಿಯೊದಲ್ಲಿ. ಗುಳ್ಳೆಗಳನ್ನು ಎಣಿಸುತ್ತಾ ಕುಳಿತೆ. ನನ್ನ ಫಿನ್ ಎರಡು ಸಲ ಆಡಿದರೆ ಒಂದು ಉಸಿರು, ತಪ್ಪದೆ! ಓಟದಲ್ಲಿ ಹೆಜ್ಜೆಗೆ ಕಟ್ಟಿಕೊಂಡ ಉಸಿರು ನೀರಿನಲ್ಲೂ ಕಾಲಿಗೇ ಜೋತುಬಿದ್ದಿತ್ತು. ಇನ್ನೊಂದು ಚಾಳಿ ಜಿಮ್ಮಿನದು. ಏನನ್ನು ಎಳೆದರೂ ಬಿಗಿದರೂ ಎದೆ ತುಂಬಿಕೊಂಡು ಉಸಿರು ಕಟ್ಟುತ್ತಿದ್ದೆ. ಮೈ ಮೇಲೇಳುತ್ತಿತ್ತು, ಕೆಳಗಿಳಿಯಲು ಮತ್ತೆ ಕಾಲು ಬಡಿತ, ಮತ್ತೆ ಗಾಳಿ ಖರ್ಚು. ಉಸಿರು ಕಟ್ಟಿ ಮೇಲೇರಿದರೆ ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶವೇ ಹರಿಯಬಹುದು. ನಾನು ಪಾರಾದದ್ದು ಅದೃಷ್ಟ.

ಓಟವನ್ನು ಮೂರು ದಿನಕ್ಕಿಳಿಸಿದೆ, ಅದೂ ಮೂಗಿನಲ್ಲೇ ಉಸಿರಾಡುತ್ತಾ. ಮೊದಲ ವಾರ ನಡೆದು ಹೋಗುವವರೂ ನನ್ನನ್ನು ದಾಟಿದರು. ಭಾರವನ್ನು ಅರ್ಧಕ್ಕಿಳಿಸಿ, ಎತ್ತುವಾಗ ಉಸಿರು ಬಿಡುವುದನ್ನು ಕಲಿತೆ. ಮುಖ್ಯವಾದದ್ದು ಮೆಟ್ಟಿಲು ಹತ್ತುವ ಅಭ್ಯಾಸ: ಹೆಜ್ಜೆಯ ಲಯ ಒಂದು, ಉಸಿರಿನದೇ ಇನ್ನೊಂದು, ಎರಡೂ ಎಲ್ಲಿಯೂ ಕೂಡಬಾರದು. ಆ ಎಣಿಕೆಯನ್ನು ಮಾತ್ರ ಹೇಳಲಾರೆ, ಎರಡು ತಿಂಗಳು ಬೆವರು ಸುರಿಸಿ ಕಂಡುಕೊಂಡದ್ದು.

ನಡುವೆ ಪ್ರಾಣಾಯಾಮವನ್ನೂ ಮಾಡಿದೆ. ಕುಂಭಕ, ಅಂದರೆ ಉಸಿರು ಹಿಡಿಯುವುದು, ನೀರಿನೊಳಗೆ ಬೇಡವೇ ಬೇಡ; ರೇಚಕದ, ಅಂದರೆ ಉಸಿರು ಬಿಡುವುದರ, ದೀರ್ಘತೆಯನ್ನಷ್ಟೇ ಇಟ್ಟುಕೊಂಡೆ. ಮೂಗಿಗೆ ಕ್ಲಿಪ್, ಬಾಯಿಗೆ ಸ್ನಾರ್ಕೆಲ್ ಎಂಬ ಉಸಿರು ಕೊಳವೆ ಹಾಕಿಕೊಂಡು ಜಿಮ್ಮಿನ ಸೈಕಲ್ ತುಳಿದದ್ದೂ ಉಂಟು. ಲಾಭವೇನೂ ಆಗಲಿಲ್ಲ, ನೋಡಿದವರಿಗೆ ಮಾತ್ರ ಪುಕ್ಕಟೆ ಮನರಂಜನೆ. ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ರೆಗ್ಯುಲೇಟರ್ ಕಚ್ಚಿಕೊಂಡೇ ಮೆಲ್ಲಗೆ ಗುನುಗುವುದು ಇದಕ್ಕಿಂತ ವಾಸಿ, ಉಸಿರು ತಾನಾಗಿ ಉದ್ದವಾಗುತ್ತದೆ.

ನಾಲ್ಕು ತಿಂಗಳಾದ ಮೇಲೆ ಡೈವ್‌ಗಳ ದಾಖಲೆ ಪುಸ್ತಕ ತೆಗೆದು ನೋಡಿದೆ. ನೀರಿನ ಮೇಲ್ಮೈಯ ಒತ್ತಡಕ್ಕೆ ಲೆಕ್ಕ ಹಾಕಿದರೆ, ಗಾಳಿಯ ಖರ್ಚು ನಿಮಿಷಕ್ಕೆ 24 ಲೀಟರ್ ಇದ್ದದ್ದು ಸುಮಾರು 15ಕ್ಕೆ ಇಳಿದಿತ್ತು. ಅದೇ 11 ಲೀಟರ್ ಸಿಲಿಂಡರ್, ಅದೇ 20 ಮೀಟರ್, 36 ನಿಮಿಷ. ಎದೆಯನ್ನು ಸದಾ ಉಬ್ಬಿಸಿಕೊಂಡಿರುವುದು ತಪ್ಪಿದ್ದರಿಂದ ಮುಳುಗಲೆಂದು ಬೆಲ್ಟಿಗೆ ಕಟ್ಟುವ ಭಾರದಿಂದ ಎರಡು ಕಿಲೋ ಸೀಸವನ್ನೂ ತೆಗೆದೆ. ತೀರ್ಪು ಕೊಟ್ಟಿದ್ದ ಹಿರಿಯರು ಕಳೆದ ಡೈವಿನಲ್ಲಿ ನನಗಿಂತ ಮೊದಲು ಹೆಬ್ಬೆರಳು ಎತ್ತಿದರು. ನನ್ನ ಮಾಪಕದಲ್ಲಿ ಆಗ 80 ಬಾರ್ ಇತ್ತು, ಬೇಕೆಂದೇ ಅವರಿಗೆ ತೋರಿಸಿದೆ.

ತಣ್ಣನೆಯ ನೀರಿನಲ್ಲಿ ಮಾತ್ರ ಗಾಳಿಯ ಖರ್ಚು ಇನ್ನೂ ನಿಮಿಷಕ್ಕೆ 18 ಲೀಟರಿಗಿಂತ ಕೆಳಗಿಳಿದಿಲ್ಲ. ಮೈ ನಡುಗಿದರೆ ಮೆಟ್ಟಿಲಿನ ಎಣಿಕೆ ಮರೆತೇ ಹೋಗುತ್ತದೆ.