ಡಿಕ್ಕಿಗೆ ನಾಲ್ಕು ಸೈಕಲ್ ಕಟ್ಟುವ ಮುಂಚೆ

ಕಾರಿಗೆ ಸೈಕಲ್ ಕಟ್ಟುವ ರ‍್ಯಾಕ್ ಕೊಳ್ಳುವ ಮೊದಲು ಮನೆಯ ಸೈಕಲ್‌ಗಳನ್ನು ತೂಗಿ. ತೂಕದ ಮಷಿನ್ ಮೇಲೆ ಒಮ್ಮೆ ಬರಿಗೈಯಲ್ಲಿ, ಇನ್ನೊಮ್ಮೆ ಸೈಕಲ್ ಎತ್ತಿಕೊಂಡು ನಿಂತರೆ ಲೆಕ್ಕ ಸಿಗುತ್ತದೆ. ಡಿಕ್ಕಿಗೆ ಬೆಲ್ಟ್‌ನಿಂದ ಬಿಗಿಯುವ, ಮೂರು ಸೈಕಲ್ ಹಿಡಿಸುವ ರ‍್ಯಾಕ್‌ಗಳ ಮಿತಿ ಸಾಮಾನ್ಯವಾಗಿ 45 ಕೆಜಿ. ಸ್ಟೀಲ್ ಫ್ರೇಮಿನ ಗೇರ್ ಸೈಕಲ್ ಒಂದೇ 16–17 ಕೆಜಿ ತೂಗಬಹುದು. ಅಪ್ಪನದು 17, ಅಮ್ಮನದು 16, ಮಗಳ 20 ಇಂಚಿನದು 12 ಎಂದರೆ ಅಲ್ಲಿಗೇ 45 ಮುಗಿಯಿತು. ಕೆಲವು ರ‍್ಯಾಕ್‌ಗಳಿಗೆ ‘ಒಂದು ಸೈಕಲ್ಲಿಗೆ 15 ಕೆಜಿ’ ಎಂಬ ಮಿತಿಯೂ ಇರುತ್ತದೆ. ಆಗ ದೊಡ್ಡ ಸೈಕಲ್ ಎರಡೂ ಕ್ಯಾರಿಯರ್, ಸ್ಟ್ಯಾಂಡ್, ಬುಟ್ಟಿ ಬಿಚ್ಚಿ ತೂಕ ಇಳಿಸದೆ ಹೊಂದುವುದಿಲ್ಲ. ಚಿಕ್ಕವನ 16 ಇಂಚಿನ ಸೈಕಲ್ಲಿಗೆ ರ‍್ಯಾಕ್‌ನಲ್ಲಿ ಸಂದಿ ಕಂಡರೂ ಹಾಕಬೇಡಿ. ಮುಂದಿನ ಚಕ್ರ ಬಿಚ್ಚಿದರೆ ಅದು ಕಾರಿನೊಳಗೇ ಹಿಡಿಸುತ್ತದೆ.

ಇಷ್ಟು ಕಟ್ಟುನಿಟ್ಟು ಯಾಕೆಂದರೆ ನಮ್ಮ ರಸ್ತೆಯ ಹಂಪ್‌ಗಳು. ಕಾರು ಕುಪ್ಪಳಿಸಿ ಇಳಿಯುವ ಕ್ಷಣದಲ್ಲಿ ಕೊಕ್ಕೆಗಳ ಮೇಲೆ ಬೀಳುವ ಎಳೆತ ನಿಂತ ಕಾರಿನಲ್ಲಿರುವುದಕ್ಕಿಂತ ಎಷ್ಟೋ ಹೆಚ್ಚು. ಸೈಕಲ್ ಕಾರಿನಿಂದ ದೂರವಿದ್ದಷ್ಟೂ ಅದು ಮೇಲಿನ ಕೊಕ್ಕೆಗಳನ್ನು ಜಾಸ್ತಿ ಜಗ್ಗುತ್ತದೆ.

ಮಾಡಿನ ಮೇಲಿನ ರ‍್ಯಾಕ್ ಸಂಸಾರಕ್ಕೆ ಅಷ್ಟಾಗಿ ಒಗ್ಗುವುದಿಲ್ಲ ಎನ್ನುವುದು ನಮ್ಮ ಅಭಿಪ್ರಾಯ. 17 ಕೆಜಿ ಸೈಕಲ್ಲನ್ನು ತಲೆಯ ಮೇಲಕ್ಕೆ ಎತ್ತಬೇಕು. ಕಾರಿನ ಎತ್ತರ ಒಂದೂವರೆ ಮೀಟರ್, ಅದರ ಮೇಲೆ ನಿಂತ ಸೈಕಲ್ ಒಂದು ಮೀಟರ್‌ಗೂ ಮಿಕ್ಕಿ. ಅಪಾರ್ಟ್‌ಮೆಂಟ್ ಬೇಸ್‌ಮೆಂಟಿಗೆ ಮರೆತು ನುಗ್ಗಿದರೆ ಸೈಕಲ್ಲೂ ಹೋಯಿತು, ಮಾಡೂ ಹೋಯಿತು.

ರ‍್ಯಾಕ್ ಕೂರಿಸುವ ಮುಂಚೆ ಡಿಕ್ಕಿ ಬಾಗಿಲನ್ನು ತೊಳೆದು ಒರೆಸಿ. ಪ್ಯಾಡ್ ಅಡಿಯಲ್ಲಿ ಧೂಳು ಉಳಿದರೆ ದಾರಿಯುದ್ದಕ್ಕೂ ಪೇಂಟ್ ಉಜ್ಜುತ್ತದೆ. ಮೇಲಿನ ಕೊಕ್ಕೆಗಳು ಲೋಹದ ಅಂಚನ್ನೇ ಹಿಡಿಯಬೇಕು. ಹ್ಯಾಚ್‌ಬ್ಯಾಕ್‌ಗಳಲ್ಲಿ ಗಾಜಿನ ಮೇಲಿರುವ ಸ್ಪಾಯ್ಲರ್ ಸಾಮಾನ್ಯವಾಗಿ ಪ್ಲಾಸ್ಟಿಕ್. ಅದಕ್ಕೆ ಸಿಕ್ಕಿಸಿದರೆ ಬಿರುಕು ಬಿಡುತ್ತದೆ. ಗಾಜಿನ ಅಂಚಿಗೂ ಬೇಡ. ಕೊಕ್ಕೆಗೆ ಸರಿಯಾದ ಜಾಗವೇ ಸಿಗದಿದ್ದರೆ ಆ ಕಾರಿಗೆ ಆ ರ‍್ಯಾಕ್ ಅಲ್ಲ ಎಂದೇ ಅರ್ಥ. ಮೊದಲು ಮೇಲಿನ ಬೆಲ್ಟ್, ಆಮೇಲೆ ಕೆಳಗಿನವು, ಕೊನೆಗೆ ಪಕ್ಕದವು ಬಿಗಿಯಿರಿ. ರ‍್ಯಾಕ್ ಹಿಡಿದು ಜೋರಾಗಿ ಅಲ್ಲಾಡಿಸಿದಾಗ ಇಡೀ ಕಾರು ತೂಗಬೇಕು, ರ‍್ಯಾಕ್ ಮಾತ್ರ ಅಲ್ಲ. ಬೆಲ್ಟಿನ ಉಳಿದ ತುದಿಗಳನ್ನು ಗಂಟು ಹಾಕಿ. ಇಲ್ಲವಾದರೆ ಗಾಳಿಗೆ ಪಟಪಟ ಬಡಿಯುತ್ತವೆ, ಜೋತುಬಿದ್ದರೆ ಚಕ್ರಕ್ಕೂ ಸಿಗಬಹುದು.

ಸಾಮಾನೆಲ್ಲ ಒಳಗಿಟ್ಟಾಯಿತೇ? ಸೈಕಲ್ ಏರಿಸಿದ ಮೇಲೆ ಡಿಕ್ಕಿ ತೆಗೆಯಲು ಬರುವುದಿಲ್ಲ. ನೀರು, ತಿಂಡಿ, ಸ್ಪ್ಯಾನರ್ ಸೀಟಿನ ಬಳಿ ಇರಲಿ.

ಅತಿ ಭಾರದ್ದು ಕಾರಿಗೆ ಅಂಟಿದಂತೆ, ಹಗುರದ್ದು ಕೊನೆಗೆ. ಒಂದರ ಹ್ಯಾಂಡಲ್ ಎಡಕ್ಕೆ ಬಂದರೆ ಮುಂದಿನದ್ದು ಬಲಕ್ಕೆ. ಕಾರಿನ ಪಕ್ಕದ ಪೆಡಲ್ ಬಂಪರ್ ಕೆರೆಯುವಂತಿದ್ದರೆ 15 ಎಂಎಂ ಸ್ಪ್ಯಾನರ್‌ನಿಂದ ಬಿಚ್ಚಿಬಿಡಿ. ಬಲ ಪೆಡಲ್‌ನ ತಿರುಪು ಮಾಮೂಲಿ. ಎಡದ್ದು ಉಲ್ಟಾ, ಬಿಚ್ಚಲು ಗಡಿಯಾರದ ಮುಳ್ಳಿನ ದಿಕ್ಕಿಗೇ ತಿರುಗಿಸಬೇಕು. ಇದು ಗೊತ್ತಿಲ್ಲದೆ ಇನ್ನಷ್ಟು ಬಿಗಿದು ತಿರುಪು ಹಾಳು ಮಾಡಿಕೊಳ್ಳುವವರು ಬಹಳ. ಅಡ್ಡಕಂಬಿ ಇಲ್ಲದ ಲೇಡೀಸ್ ಸೈಕಲ್, ಮಕ್ಕಳ ಸೈಕಲ್‌ಗಳು ರ‍್ಯಾಕ್ ತೋಳಿನ ಮೇಲೆ ನೆಟ್ಟಗೆ ಕೂರುವುದಿಲ್ಲ. ಸೀಟಿನ ಕಂಬಿಯಿಂದ ಹ್ಯಾಂಡಲ್ ಬುಡದವರೆಗೆ ಹಾಕುವ ಜೋಡಣೆ ಕಂಬಿ ಪ್ರತ್ಯೇಕವಾಗಿ ಸಿಗುತ್ತದೆ, ಅದನ್ನು ಬಳಸಿ.

ಇನ್ನು ಪಂಕ್ಚರ್ ಅಂಗಡಿಯಿಂದ ಎರಡು ಹಳೇ ಟ್ಯೂಬ್ ತಂದು, ಗೇಣುದ್ದ ಕತ್ತರಿಸಿಟ್ಟುಕೊಳ್ಳಿ. ಸೈಕಲ್ಲಿಗೆ ಸೈಕಲ್ ತಾಗುವ ಪ್ರತಿ ಜಾಗಕ್ಕೂ ಒಂದು ತುಂಡು ಸುತ್ತಿ. ಮುಂದಿನ ಚಕ್ರ ಗಿರಕಿ ಹೊಡೆದು ಗಾಜಿಗೆ ಬಡಿಯದಂತೆ ಅದನ್ನು ಫ್ರೇಮಿಗೆ ಕಟ್ಟಿ. ಕಾರ್ಬನ್ ಫ್ರೇಮ್ ಆಗಿದ್ದರೆ ಕೊಳವೆಯನ್ನು ಬಿಗಿಯುವ ರ‍್ಯಾಕ್ ಬೇಡವೇ ಬೇಡ. ಡಿಸ್ಕ್ ಬ್ರೇಕ್ ಸೈಕಲ್ಲಿನ ಚಕ್ರ ಬಿಚ್ಚಿದರೆ ಬ್ರೇಕ್ ಪ್ಯಾಡ್‌ಗಳ ನಡುವೆ ಮಡಚಿದ ರಟ್ಟು ತೂರಿಸಿ. ಹೈಡ್ರಾಲಿಕ್ ಆಗಿದ್ದು ಯಾರಾದರೂ ಲಿವರ್ ಒತ್ತಿದರೆ ಪ್ಯಾಡ್‌ಗಳು ಕೂಡಿಕೊಂಡು, ಚಕ್ರ ಮತ್ತೆ ಒಳಹೋಗುವುದಿಲ್ಲ.

ಈಗ ಹಿಂದೆ ಹೋಗಿ ನಿಂತು ಮೂರು ವಿಷಯ ನೋಡಿ. ನಂಬರ್ ಪ್ಲೇಟ್, ಬ್ರೇಕ್ ಲೈಟ್, ಇಂಡಿಕೇಟರ್ ಕಾಣುತ್ತಿವೆಯೇ? ಮರೆಯಾಗಿದ್ದರೆ ಪೊಲೀಸರು ಹಿಡಿಯುತ್ತಾರೆ, ಅದಕ್ಕಿಂತ ಹೆಚ್ಚಾಗಿ ಹಿಂದಿನ ಲಾರಿಯವನಿಗೆ ನೀವು ಬ್ರೇಕ್ ಒತ್ತಿದ್ದು ತಿಳಿಯುವುದಿಲ್ಲ. ಸೈಲೆನ್ಸರ್ ಬಾಯಿಯ ನೇರಕ್ಕೆ ಟೈರ್ ಇದೆಯೇ? ಬಿಸಿ ಹೊಗೆಗೆ ರಬ್ಬರ್ ಮೆತ್ತಗಾಗಿ ಟೈರ್ ಸಿಡಿಯಬಹುದು. ಚಕ್ರಗಳು ಕಾರಿನ ಅಗಲ ಮೀರಿ ಎಷ್ಟು ಚಾಚಿವೆ? ಆ ಅಂದಾಜು ಇಲ್ಲದೆ ಸಂದಿಯಲ್ಲಿ ನುಗ್ಗಬೇಡಿ.

ಹೊರಟ ಮೇಲೆ 10 ಕಿ.ಮೀ. ಒಳಗೆ ನಿಲ್ಲಿಸಿ ಎಲ್ಲ ಬೆಲ್ಟ್ ಮತ್ತೆ ಎಳೆಯಿರಿ. ಹೊಸ ಬೆಲ್ಟ್ ಅಷ್ಟರಲ್ಲೇ ಸಡಿಲಾಗಿರುತ್ತದೆ. ಮಳೆಯಲ್ಲಿ ನೆನೆದ ಮೇಲೂ ಹಾಗೇ ಮಾಡಿ. ಹೆದ್ದಾರಿಯಲ್ಲಿ 80 ದಾಟಬೇಡಿ, ಹಂಪ್ ಬಂದರೆ ನಡಿಗೆಯ ವೇಗಕ್ಕೆ ಇಳಿಯಿರಿ. ರಿವರ್ಸ್ ಸೆನ್ಸರ್ ಸೈಕಲ್ಲನ್ನೇ ಗೋಡೆ ಎಂದುಕೊಂಡು ಬೀಪ್ ಅನ್ನುತ್ತಲೇ ಇರುತ್ತದೆ, ಹಾಗಾಗಿ ಹಿಂದೆ ತೆಗೆಯುವಾಗ ಒಬ್ಬರು ಇಳಿದು ನೋಡಲಿ. ಊಟಕ್ಕೆ ನಿಲ್ಲಿಸಿದರೆ ಒಂದು ಉದ್ದನೆ ಕೇಬಲ್ ಲಾಕನ್ನು ಎಲ್ಲ ಫ್ರೇಮ್‌ಗಳ ಮೂಲಕ ಹಾಯಿಸಿ, ಕಾರು ಕಣ್ಣಿಗೆ ಬೀಳುವ ಜಾಗದಲ್ಲೇ ಕುಳಿತುಕೊಳ್ಳಿ. ಯಾಕೆಂದರೆ ರ‍್ಯಾಕ್‌ನ ಬೆಲ್ಟನ್ನು ಕಳ್ಳರು ಚಾಕುವಿನಿಂದಲೇ ಕತ್ತರಿಸಿಬಿಡಬಹುದು.