ಧಕ್ಕೆಯ ನೀರು, ನಾಲ್ಕಡಿ ಟ್ಯಾಂಕ್

ಮನೆಯ ನಾಲ್ಕಡಿ ಗಾಜಿನ ಟ್ಯಾಂಕಿನಲ್ಲಿ ಕಡಲ ಮೀನು ಸಾಕುತ್ತೇನೆ ಎಂದಾಗ, “ಕಡಲ ನೀರೇ ಹಾಕ್ತೀರಾ? ವಾರದಲ್ಲಿ ನಾರ್ತದೆ ಮಾರಾಯ್ರೆ” ಎಂದು ಅಕ್ವೇರಿಯಂ ಅಂಗಡಿಯವರು ನಕ್ಕಿದ್ದರು. ಮೊದಲ ವರ್ಷ ಅವರೇ ಗೆದ್ದರು. ಜುಲೈಯಲ್ಲಿ ಮಂಗಳೂರಿನ ಪಣಂಬೂರು ದಡದಿಂದ ನೀರು ತಂದು ಸುರಿದೆ. ಒಂಬತ್ತರಲ್ಲಿ ಎಂಟು ಮೀನು ಹೋದವು. ಉಳಿದ ನೀಲಿ ಡ್ಯಾಮ್ಸೆಲ್ ಆಮೇಲೆ ತಂದವನ್ನೆಲ್ಲ ಕಚ್ಚಿ ಕೊಂದಿತು. ನೀರಿನ ಉಪ್ಪು ಅಳೆಯುವ ರಿಫ್ರಾಕ್ಟೋಮೀಟರ್ ಕೊಂಡ ಮೇಲೆ ಗುಟ್ಟು ತಿಳಿಯಿತು: ಮಳೆಗಾಲದಲ್ಲಿ ನೇತ್ರಾವತಿ, ಫಲ್ಗುಣಿಯ ಸಿಹಿನೀರು ಸೇರಿ ದಡದ ಉಪ್ಪು ಕಿಲೋ ನೀರಿಗೆ 20 ಗ್ರಾಮಿನ ಆಸುಪಾಸು. ಮಾರ್ಚಿನಲ್ಲಿ ಅದೇ 34–35.

ಈಗ ನೀರು ತರಿಸುವುದು ಧಕ್ಕೆಯ, ಅಂದರೆ ಮೀನುಗಾರಿಕೆ ಬಂದರಿನ, ಬೋಟಿನವರಿಂದ. ದಡ ಕಾಣದಷ್ಟು ದೂರದಲ್ಲಿ ತುಂಬಿಸಿ ತರುತ್ತಾರೆ, 35 ಲೀಟರಿನ ಕ್ಯಾನಿಗೆ 60 ರೂಪಾಯಿ. ಜೂನ್, ಜುಲೈ ಮೀನುಗಾರಿಕೆ ನಿಷೇಧ, ಯಾಂತ್ರಿಕ ಬೋಟು ಕಡಲಿಗಿಳಿಯುವುದಿಲ್ಲ. ಹಾಗಾಗಿ ಮೇ ಮುಗಿಯುವುದರೊಳಗೆ ಹದಿನಾಲ್ಕು ಕ್ಯಾನ್ ಮನೆ ಸೇರಬೇಕು. ಟ್ಯಾಂಕ್ 250 ಲೀಟರ್ ಇದ್ದೀತು, ವಾರಕ್ಕೆ 25 ಬದಲಾಯಿಸಿದರೂ ಸೆಪ್ಟೆಂಬರ್ ಕಳೆಯುತ್ತದೆ. ಆಟೋ ಬಾಡಿಗೆ ಸೇರಿ 1,300. ಇಷ್ಟು ನೀರಿಗೆ ಅಕ್ವೇರಿಯಂ ಅಂಗಡಿಯ ಪ್ಯಾಕೆಟ್ ಉಪ್ಪಾದರೆ ಆರೇಳು ಸಾವಿರ ಎದ್ದು ಹೋಗುತ್ತಿತ್ತು.

ಬಂದ ನೀರನ್ನು ಸೋಸಿ, ಬ್ಲೀಚಿಂಗ್ ಪೌಡರ್ ಹಾಕಿ, ಗಾಳಿ ಬಿಟ್ಟು, ಕೊನೆಗೆ ಕ್ಲೋರಿನ್ ಕಳೆಯುವ ಹೈಪೋ. ಅಳತೆ ಕೇಳಬೇಡಿ, ಅದಕ್ಕೆ ಎರಡು ಬ್ಯಾಚ್ ಮೀನು ತೆತ್ತಿದ್ದೇನೆ. ಕ್ಲೋರಿನ್ ಟೆಸ್ಟ್ ಸೊನ್ನೆ ತೋರಿಸುವ ತನಕ ಒಂದು ಚೊಂಬೂ ಟ್ಯಾಂಕಿಗೆ ಹೋಗುವುದಿಲ್ಲ.

ಟ್ಯಾಂಕಿನೊಳಗೆ ಇಡುವ ಕಲ್ಲಿನದ್ದು ಬೇರೆಯೇ ಕಥೆ. ಹವಳ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ, ಕಡಲಿಂದ ಎತ್ತುವಂತಿಲ್ಲ. ಅಂಗಡಿಯಲ್ಲಿ ಕಿಲೋ ಲೆಕ್ಕದಲ್ಲಿ ಮಾರುವ ಒಣಕಲ್ಲಿಗೆ ದುಡ್ಡು ಸುರಿಯಲು ಮನಸ್ಸು ಬಾರದೆ ನಮ್ಮೂರ ಕೆಂಪು ಮುರಕಲ್ಲು ಕೆತ್ತಿ ಇಳಿಸಿದೆ. ಹತ್ತು ದಿನದಲ್ಲಿ ನೀರು ಕೆಮ್ಮಣ್ಣು, ಗಾಜಿನ ಮೇಲೆಲ್ಲ ಪಾಚಿ. ಮನೆಯವರು ಅದನ್ನೀಗ ತುಳಸಿಕಟ್ಟೆಗೆ ಒರಗಿಸಿದ್ದಾರೆ. ನಾನು ಮರ್ಯಾದೆಯಿಂದ ಒಣಕಲ್ಲನ್ನೇ ತಂದೆ.

ಫ್ಯಾನಿನಲ್ಲೇ ನೀರು ತಣಿಸುತ್ತೇನೆ ಎಂದದ್ದು ಮಾತ್ರ ಸೋತಿತು. ನಮ್ಮ ಮೇ ತಿಂಗಳ ಸೆಕೆಯಲ್ಲಿ ಆವಿ ಏಳುವುದೇ ಕಡಿಮೆ. ನೀರು 32 ಡಿಗ್ರಿ ಮುಟ್ಟಿತು. ಸೆಕೆಂಡ್‌ಹ್ಯಾಂಡ್ ಚಿಲ್ಲರಿಗೆ 18,000, ಮೇಲೆ ಕರೆಂಟ್ ಬಿಲ್ಲು. ಈ ಲೆಕ್ಕ ಮನೆಯಲ್ಲಿ ಹೇಳಿಲ್ಲ.

ಎರಡನೇ ಸಲ ಡ್ಯಾಮ್ಸೆಲನ್ನು ಅಂಗಡಿಗೆ ತಿರುಗಿಸಿ, ಕೊಳೆ ಕರಗಿಸುವ ಬ್ಯಾಕ್ಟೀರಿಯಾ ಬೆಳೆಯಲೆಂದು ಸೀಗಡಿ ತುಂಡು ಹಾಕಿ ಆರು ವಾರ ಟ್ಯಾಂಕನ್ನು ಮೀನಿಲ್ಲದೆ ಓಡಿಸಿದೆ. ಮೀನಿಗೆ ವಿಷವಾದ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗಿಳಿದ ಮೇಲೆ ಸಾಕಣೆಯಲ್ಲೇ ಹುಟ್ಟಿದ ಕ್ಲೌನ್ ಮೀನಿನ ಜೋಡಿ, ತಿಂಗಳು ಬಿಟ್ಟು ಮೂರು ಗ್ರೀನ್ ಕ್ರೋಮಿಸ್ ಮೀನು. ಎರಡು ವರ್ಷವಾಯಿತು, ಸತ್ತದ್ದು ಒಂದು ಕ್ರೋಮಿಸ್, ಅದೂ ಹಾರಿ ಹೊರಗೆ ಬಿದ್ದು.

ಜನವರಿಯಿಂದ ಕ್ಲೌನ್‌ಗಳು ಹೂಕುಂಡದ ಚೂರಿನ ಮೇಲೆ ಮೊಟ್ಟೆಯಿಡುತ್ತಿವೆ. ಎಂಟನೇ ರಾತ್ರಿ ಒಡೆದ ಮರಿಗಳು ಮೂರು ದಿನ ದಾಟಲಿಲ್ಲ, ತಿನ್ನಲು ರೋಟಿಫರ್ ಎಂಬ ಅತಿ ಸಣ್ಣ ನೀರಜೀವಿ ಬೇಕು. ತಾರಸಿಯಲ್ಲಿ ಉಪ್ಪುನೀರಿನ ಬಕೆಟಿನಲ್ಲಿ ಅದನ್ನು ಬೆಳೆಸಿದ್ದೆ. ಮೊನ್ನೆ ಮುಚ್ಚಳ ಹಾಕಲು ಮರೆತೆ, ರಾತ್ರಿಯಿಡೀ ಮಳೆ.